ರೋಮಾಂಚನದ ಪರದೆ ಮತ್ತು ಯೂಸುಫ್(ಅ)ರ ಅಂಗಿ

ಮಕ್ಕಾದ ಕುರೈಶರಲ್ಲಿ ನದ್ರ್ ಬಿನ್ ಹಾರಿಸ್ ಎಂಬೊಬ್ಬನಿದ್ದ. ಹೀರಾ ಪ್ರದೇಶಕ್ಕೆ ಹೋಗಿ ಬರುತ್ತಿದ್ದ ಅವನು ಅಲ್ಲಿಂದ ಪಾರಸೀ ಅರಸರ ಮತ್ತು ರುಸ್ತುಮ್, ಇಸ್ಫಂದಿಯಾರರ ಸಾಹಸಕಥೆಗಳನ್ನು ಕಲಿತು ಬಂದಿದ್ದ. ಪ್ರವಾದಿ ಮುಹಮ್ಮದ್(ಸ)ರು ಒಂದು ಸಭೆಯಲ್ಲಿ ಜನರಿಗೆ ಅಲ್ಲಾಹನ ಸಂದೇಶವನ್ನು ತಿಳಿಸಿ, ಗತಿಸಿದ ಜನಾಂಗಗಳಿಗೊದಗಿದ ಪರಿಣಾಮವನ್ನು ನೆನಪಿಸಿ ಎದ್ದು ಹೋದೊಡನೆ ಅವನು ಅದೇ ಜಾಗದಲ್ಲಿ ಬಂದು ಕುಳಿತುಕೊಳ್ಳುತ್ತಿದ್ದ. ಇದಕ್ಕಿಂತಲೂ ಸೊಗಸಾದ ಕಥೆ ನನ್ನ ಬಳಿಯಿದೆ ಎಂದು ಜನರನ್ನು ಕರೆಯುತ್ತಿದ್ದ. ಇಬ್ನು ಇಸ್‌ಹಾಕ್‌ರ ಸೀರತ್ ಗ್ರಂಥದಲ್ಲಿ ಈ ವೃತ್ತಾಂತವಿದೆ. ಸೂರಃ ಲುಕ್ಮಾನ್‌ನ 6ನೆಯ ಆಯತ್‌ನಲ್ಲಿ 'ಲಹ್ವಲ್ ಹದೀಸ್', ಅಂದರೆ ಮನಸ್ಸನ್ನು ಮರುಳುಗೊಳಿಸುವ ಮಾತನ್ನು ಕೊಂಡು ತರುವವರ ಪ್ರಸ್ತಾಪ ಬರುತ್ತದೆ. ಅಲ್ಲಿ ಮುಫಸ್ಸಿರರಲ್ಲಿ ಹಲವರು ಇವನನ್ನೇ ಹೆಸರಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ನದ್ರ್ ಕುರ್‌ಆನ್‌ನೊಂದಿಗೆ ವಾದಕ್ಕೆ ನಿಲ್ಲಲಿಲ್ಲ. ತೌಹೀದ್ ಸುಳ್ಳೆಂದೋ ಪರಲೋಕವಿಲ್ಲವೆಂದೋ ಆ ಸಭೆಯಲ್ಲಿ ಅವನು ತರ್ಕಿಸಬೇಕಾಗಿರಲಿಲ್ಲ. ಕೇಳುಗರ ಕಿವಿ ಬೇರೆ ಕಡೆಗೆ ತಿರುಗಿದರೆ ಅವನಿಗೆ ಸಾಕಾಗಿತ್ತು. ಕಥೆಯಲ್ಲಿ ಕತ್ತಿಯಿತ್ತು, ಕುದುರೆಯಿತ್ತು, ಮುಂದೇನಾಗುವುದೋ ಎಂಬ ಕುತೂಹಲವಿತ್ತು. ಓದುಗ ಸಹೋದರ ಸಹೋದರಿಯರೇ, ಇಂದು ನಮ್ಮ ಮನೆಯ ನಡುಕೋಣೆಯಲ್ಲಿ ಬಂದು ಕುಳಿತಿರುವ ಕಥೆಗಾರನನ್ನು ಅರಿಯಲು ಈ ಪ್ರಸಂಗ ಬಹಳ ಸಹಕಾರಿಯಾಗುತ್ತದೆ.

ಆಕಾಶದಿಂದಿಳಿದ ಅಂಗಡಿ

ಒಂದು ಕಾಲದಲ್ಲಿ ನಮ್ಮ ಜಿಲ್ಲೆಯ ಮನೆಗಳಲ್ಲಿ ಕೇಳುತ್ತಿದ್ದುದು ಭದ್ರಾವತಿ ಆಕಾಶವಾಣಿ. 1965ರಲ್ಲಿ ಆರಂಭವಾದ ಆ ನಿಲಯದ ಪ್ರದೇಶ ಸಮಾಚಾರ, ಕೃಷಿರಂಗ, ನಾಟಕ ಇವು ಮನೆಮಂದಿಯೆಲ್ಲ ಕೆಲಸ ಮಾಡುತ್ತಲೇ ಕೇಳುವಂತಹವುಗಳಾಗಿದ್ದವು. ಹೆಂಗಸರ ಕೈ ಅಕ್ಕಿ ಆರಿಸುತ್ತಿತ್ತು, ಕಿವಿ ಕೇಳುತ್ತಿತ್ತು. ಟೆಲಿವಿಷನ್ ಹಾಗಲ್ಲ, ಅದು ಕೈಯನ್ನೂ ಕಟ್ಟಿಹಾಕುತ್ತದೆ. 1991ರಲ್ಲಿ ಹಾಂಕಾಂಗ್‌ನಿಂದ ಸ್ಟಾರ್ ಟಿ.ವಿ., 1992ರ ಅಕ್ಟೋಬರ್‌ನಲ್ಲಿ ಝೀ ಟಿ.ವಿ., 1994ರಲ್ಲಿ ಕನ್ನಡದ ಉದಯ ಟಿ.ವಿ. ಬಂದವು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನೆಲೆನಿಂತ ಉಪಗ್ರಹವು ಕಳಿಸಿದ ಸಂಕೇತವನ್ನು ಕೇಬಲ್‌ನವರು ದೊಡ್ಡ ಬುಟ್ಟಿಯಂತಹ ಡಿಶ್‌ನಲ್ಲಿ ಹಿಡಿದು, ಕಂಬದಿಂದ ಕಂಬಕ್ಕೆ, ಸೂರಿನಿಂದ ಸೂರಿಗೆ ತಂತಿ ಎಳೆದು ಮನೆ ಮನೆಗೂ ಹಂಚಿದರು. ಶಿವಮೊಗ್ಗದ ಟ್ಯಾಂಕ್ ಮೊಹಲ್ಲಾದಲ್ಲಾಗಲಿ ಭದ್ರಾವತಿಯ ಹೊಸಮನೆಯಲ್ಲಾಗಲಿ ಆ ತಂತಿ ಮನೆಯವರ ಮತಧರ್ಮವನ್ನು ಕೇಳಿ ಒಳಗೆ ಬರಲಿಲ್ಲ.

ಹೀಗೆ ಬಂದ ನೂರಾರು ಚಾನೆಲ್‌ಗಳಲ್ಲಿ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸೋನಿ ಪಿಕ್ಚರ್ಸ್ ಸಂಸ್ಥೆಯು 1997ರಲ್ಲಿ ಏಷ್ಯಾದ ವೀಕ್ಷಕರಿಗಾಗಿ ಎ.ಎಕ್ಸ್.ಎನ್. ಎಂಬ ಚಾನೆಲನ್ನು ಆರಂಭಿಸಿತು. ಆ ಮೂರು ಅಕ್ಷರಗಳನ್ನು ಕೂಡಿಸಿ ಓದಿದರೆ 'ಆ್ಯಕ್ಷನ್' ಎಂದೇ ಕೇಳುತ್ತದೆ. ವಾರ್ತೆಯಿಲ್ಲ, ಕೃಷಿಯಿಲ್ಲ, ಪಾಠವಿಲ್ಲ. ಹೊಡೆದಾಟ, ಬೆನ್ನಟ್ಟುವಿಕೆ, ಕೊಲೆಯ ಪತ್ತೆ, ಭಯಾನಕ ಸಾಹಸ ಇಷ್ಟೇ ಅದರ ಸರಕು. ಜೀವಂತ ಹುಳುಗಳನ್ನು ತಿನ್ನಿಸಿ, ಎತ್ತರದಿಂದ ಜಿಗಿಸಿ ಸ್ಪರ್ಧಾಳುಗಳ ಭಯವನ್ನು ಪರೀಕ್ಷಿಸುವ 'ಫಿಯರ್ ಫ್ಯಾಕ್ಟರ್', ಶವಪರೀಕ್ಷೆ ಮತ್ತು ಪ್ರಯೋಗಾಲಯದ ಮೂಲಕ ಕೊಲೆಗಾರನನ್ನು ಹಿಡಿಯುವ 'ಸಿ.ಎಸ್.ಐ.' ಮುಂತಾದವುಗಳಿಂದ ಅದು ಇಂಗ್ಲಿಷ್ ಬಲ್ಲ ಯುವಕರ ನಡುವೆ ಹೆಸರು ಮಾಡಿತು. ಇಂಗ್ಲಿಷ್ ಬಾರದವರಿಗೂ ತೊಂದರೆಯಾಗಲಿಲ್ಲ. ಗುಂಡು ಹಾರುವುದಕ್ಕೆ ಭಾಷಾಂತರ ಬೇಕಿಲ್ಲವಷ್ಟೆ!

2007ರ ಜನವರಿಯಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಅಶ್ಲೀಲ ಜಾಹೀರಾತುಗಳನ್ನು ಒಟ್ಟುಗೂಡಿಸಿ ತೋರಿಸಿದ ಕಾರ್ಯಕ್ರಮವೊಂದಕ್ಕಾಗಿ ಈ ಚಾನೆಲನ್ನು ಎರಡು ತಿಂಗಳ ಕಾಲ ನಿಷೇಧಿಸಿತು. ಚಾನೆಲ್ ಕ್ಷಮೆ ಕೇಳಿದ ನಂತರ ಅವಧಿಗೆ ಮುನ್ನವೇ ನಿಷೇಧ ತೆರವಾಯಿತು. ನನಗೆ ಆಗಲೂ ಈಗಲೂ ವಿಚಿತ್ರವೆನಿಸುವುದು ಇದು: ನಗ್ನತೆಗಾಗಿ ನಿಷೇಧವಾಯಿತೇ ಹೊರತು ಹಗಲಿರುಳು ಹರಿಯುತ್ತಿದ್ದ ರಕ್ತಕ್ಕಾಗಿ ಅಲ್ಲ. ನಮ್ಮ ಮನೆಗಳಲ್ಲಿಯೂ ಹೀಗೆಯೇ. ಅಸಭ್ಯ ದೃಶ್ಯ ಬಂದೊಡನೆ ಅಬ್ಬಾ ರಿಮೋಟ್‌ಗೆ ಕೈ ಹಾಕುತ್ತಾರೆ. ಒಬ್ಬನ ಕತ್ತು ಸೀಳುವಾಗ ಮಕ್ಕಳೊಂದಿಗೆ ಕುಳಿತು ಚಹಾ ಕುಡಿಯುತ್ತಿರುತ್ತಾರೆ.

2020ರ ಜೂನ್ 30ರಂದು ಆ ಚಾನೆಲ್ ಭಾರತದಲ್ಲಿ ತನ್ನ ಪ್ರಸಾರವನ್ನು ನಿಲ್ಲಿಸಿತು. ಹಾಗಾದರೆ ಇನ್ನೇಕೆ ಈ ಚರ್ಚೆ ಎಂದು ನೀವು ಕೇಳಬಹುದು. ಅಂಗಡಿ ಮುಚ್ಚಿತು, ಆದರೆ ಸರಕು ಅದಕ್ಕಿಂತ ಮೊದಲೇ ಪಕ್ಕದ ಅಂಗಡಿಗೆ ಹೋಗಿಯಾಗಿತ್ತು. 1998ರ ಜನವರಿಯಲ್ಲಿ ಆರಂಭವಾದ ಹಿಂದಿಯ 'ಸಿ.ಐ.ಡಿ.' ಧಾರಾವಾಹಿ 2018ರ ಅಕ್ಟೋಬರ್‌ವರೆಗೆ ಇಪ್ಪತ್ತು ವರ್ಷ ನಡೆದು, 2024ರ ಡಿಸೆಂಬರ್‌ನಲ್ಲಿ ಮತ್ತೆ ಬಂದಿತು. ಈಗ ಮೊಬೈಲ್ ಫೋನ್ ಇದೆ. ಅದು ನಡುಕೋಣೆಯಲ್ಲಿಲ್ಲ, ಮಗನ ಹೊದಿಕೆಯೊಳಗಿದೆ.

ಕುತೂಹಲವನ್ನು ಮಾರುವ ಬಗೆ

ಈ ವ್ಯಾಪಾರದ ಒಳಗುಟ್ಟನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಚಾನೆಲ್ ನಮಗೆ ಕಥೆಯನ್ನು ಮಾರುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ನಮ್ಮ ಕಾಲವನ್ನು ಜಾಹೀರಾತುದಾರನಿಗೆ ಮಾರುತ್ತದೆ. ಆದ್ದರಿಂದ ನಾವು ಏಳದಂತೆ ನೋಡಿಕೊಳ್ಳುವುದೇ ಅದರ ಕಸುಬು. ಬಾಗಿಲ ಹಿಂದೆ ಯಾರೋ ನಿಂತಿದ್ದಾನೆ, ಹಿಡಿ ತಿರುಗುತ್ತಿದೆ, ಅಷ್ಟರಲ್ಲಿ ಸಾಬೂನಿನ ಜಾಹೀರಾತು. ಭಯವಾದಾಗ ನಮ್ಮ ದೇಹ ಅಡ್ರಿನಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಎದೆ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದು ಹುಲಿ ಎದುರಾದಾಗ ಓಡಲೆಂದು ಅಲ್ಲಾಹನು ಇಟ್ಟ ಏರ್ಪಾಡು. ಆದರೆ ಇಲ್ಲಿ ಓಡಲು ಹುಲಿಯಿಲ್ಲ, ಹಾಸಿಗೆಯ ಮೇಲೆ ಕುಳಿತೇ ಇರುತ್ತೇವೆ. ಎದೆ ಶಾಂತವಾಗಲು ಕಥೆಯ ಮುಕ್ತಾಯ ಬೇಕು, ಮುಕ್ತಾಯವನ್ನು ನಾಳೆಗೆ ಇಡಲಾಗಿದೆ. ಈಗಿನ ಮೊಬೈಲ್ ವೇದಿಕೆಗಳಲ್ಲಿ ನಾಳೆಯ ತನಕ ಕಾಯುವುದೂ ಬೇಡ, ಮುಂದಿನ ಕಂತು ತಾನಾಗಿಯೇ ಆರಂಭವಾಗುತ್ತದೆ. ಒಂದು ಕಂತು ನೋಡಿ ಮಲಗುತ್ತೇನೆ ಎಂದವನು ತಹಜ್ಜುದ್‌ನ ಹೊತ್ತಿನವರೆಗೆ ಎಚ್ಚರವಿದ್ದು, ಫಜ್ರ್‌ನ ಅಝಾನಿನ ಹೊತ್ತಿಗೆ ಗಾಢ ನಿದ್ರೆಯಲ್ಲಿರುತ್ತಾನೆ.

ಪ್ರವಾದಿ(ಸ)ರು ಇಶಾಕ್ಕೆ ಮೊದಲು ನಿದ್ರಿಸುವುದನ್ನೂ ಇಶಾದ ನಂತರ ಹರಟುವುದನ್ನೂ ಇಷ್ಟಪಡುತ್ತಿರಲಿಲ್ಲವೆಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಜ್ಞಾನ, ಅತಿಥಿ ಸತ್ಕಾರ, ಮನೆಯವರೊಂದಿಗಿನ ಮಾತು ಇವುಗಳಿಗೆ ವಿದ್ವಾಂಸರು ವಿನಾಯಿತಿ ನೀಡಿದ್ದಾರೆ. ಕಾರಣ ಸ್ಪಷ್ಟವಿದೆ: ರಾತ್ರಿಯ ಹರಟೆಯ ಬೆಲೆಯನ್ನು ತೆರುವುದು ಫಜ್ರ್ ನಮಾಝ್.

ಹಾಗೆಯೇ ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನರು ನಷ್ಟಕ್ಕೊಳಗಾಗುತ್ತಾರೆಂಬ ಅರ್ಥದ ಪ್ರವಾದಿ ವಚನವು ಬುಖಾರಿಯಲ್ಲಿದೆ. ಇದನ್ನು ಭದ್ರಾವತಿಯಲ್ಲಿ ಹೇಳುವಾಗ ಸ್ವಲ್ಪ ಎಚ್ಚರಿಕೆ ಬೇಕು. ಎಂ.ಪಿ.ಎಂ. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳೇ ಕಳೆದಿವೆ. 1918ರಲ್ಲಿ ಬುನಾದಿ ಬಿದ್ದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಪೇಪರ್‌ಟೌನ್‌ನಲ್ಲೋ ನ್ಯೂಟೌನ್‌ನಲ್ಲೋ ಕೆಲಸ ಕಳೆದುಕೊಂಡು ಕುಳಿತವನಿಗೆ ಇರುವುದು ಬಿಡುವಲ್ಲ, ಸಂಕಟ. ಅವನು ಸಂಜೆ ಎರಡು ಗಂಟೆ ಪರದೆಯ ಮುಂದೆ ಮೈಮರೆತರೆ ಅವನ ಮೇಲೆ ಫತ್ವಾ ಎಸೆಯುವುದು ಸುಲಭ, ಅವನಿಗೊಂದು ಕೆಲಸ ಹುಡುಕಿಕೊಡುವುದು ಕಷ್ಟ. ಜಮಾಅತ್‌ನ ಹಿರಿಯರು ಕಷ್ಟದ್ದನ್ನು ಮೊದಲು ಮಾಡಲಿ.

ಮಸೀದಿಯಲ್ಲಿ ಈಟಿಯಾಟ

ಹಾಗಾದರೆ ಇಸ್ಲಾಮ್ ಎಲ್ಲ ವಿನೋದವನ್ನೂ ಬೇಡವೆನ್ನುತ್ತದೆಯೇ? ಖಂಡಿತ ಇಲ್ಲ. ಈದ್ ದಿನ ಅಬಿಸೀನಿಯಾದವರು ಪ್ರವಾದಿ(ಸ)ರ ಮಸೀದಿಯಲ್ಲಿಯೇ ಈಟಿ ಮತ್ತು ಗುರಾಣಿ ಹಿಡಿದು ಆಡಿದರು. ಹ. ಆಯಿಶಾ(ರ)ರು ಪ್ರವಾದಿ(ಸ)ರ ಹೆಗಲ ಮರೆಯಲ್ಲಿ ನಿಂತು ಅದನ್ನು ನೋಡಿದರು. ತಮಗೆ ಸಾಕೆನಿಸುವವರೆಗೆ ಪ್ರವಾದಿ(ಸ)ರು ತಮಗಾಗಿ ನಿಂತೇ ಇದ್ದರೆಂದು ಅವರೇ ತಿಳಿಸಿದ್ದಾರೆ. ಅವರಿಬ್ಬರೂ ಓಟದ ಪಂದ್ಯವನ್ನೂ ನಡೆಸಿದ್ದರು. ತಮ್ಮ ಮನಸ್ಸು ಮನೆಗೆ ಹೋದೊಡನೆ ಬದಲಾಗುತ್ತದೆಂದು ಹ. ಹನ್ಝಲಾ(ರ) ಕಳವಳಗೊಂಡು ಬಂದಾಗ, ಒಂದು ಹೊತ್ತು ಹೀಗೆ, ಒಂದು ಹೊತ್ತು ಹಾಗೆ ಎಂದು ಅವರನ್ನು ಸಮಾಧಾನಪಡಿಸಿದ ಪ್ರಸಂಗ ಮುಸ್ಲಿಮ್‌ನಲ್ಲಿದೆ. ಸಾಹಸವನ್ನು ನೋಡಿ ಸಂತೋಷಪಡುವುದು ಮನುಷ್ಯ ಪ್ರಕೃತಿಯಲ್ಲಿದೆ, ಶರೀಅತ್ ಅದನ್ನು ನಿರಾಕರಿಸುವುದಿಲ್ಲ.

ಪರದೆಯ ಮೇಲಿನ ಚಲಿಸುವ ಚಿತ್ರವು ನಿಷಿದ್ಧ ಚಿತ್ರವೇ ಅಲ್ಲವೇ ಎಂಬ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಟಿ.ವಿ.ಯನ್ನೇ ಮನೆಗೆ ತರಬಾರದೆಂದವರೂ ಇದ್ದಾರೆ, ಅದೊಂದು ಸಾಧನ ಮಾತ್ರ, ತೋರಿಸುವುದನ್ನು ನೋಡಿ ತೀರ್ಪು ನೀಡಬೇಕೆಂದವರೂ ಇದ್ದಾರೆ. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಏಕೆಂದರೆ ಎರಡನೆಯ ಅಭಿಪ್ರಾಯದವರೂ ಸಹ ಅಲ್ಲಿ ಬರುವುದೆಲ್ಲವನ್ನೂ ನೋಡಬಹುದೆಂದಿಲ್ಲ.

ಈಟಿಯಾಟದಲ್ಲಿ ಯಾರೂ ಸಾಯಲಿಲ್ಲ, ಯಾರ ನೋವೂ ನೋಟವಾಗಲಿಲ್ಲ ಎಂಬುದನ್ನು ಮರೆಯಬಾರದು. ಆಯುಧದ ವಿಷಯದಲ್ಲಿ ಇಸ್ಲಾಮಿನ ಸೂಕ್ಷ್ಮತೆ ಎಷ್ಟೆಂದರೆ, ತನ್ನ ಸಹೋದರನತ್ತ ಕಬ್ಬಿಣವನ್ನು ತೋರಿಸಿದವನನ್ನು, ಅವನು ಒಡಹುಟ್ಟಿದವನೇ ಆಗಿದ್ದರೂ, ಮಲಕ್‌ಗಳು ಶಪಿಸುತ್ತಾರೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಪ್ರಯಾಣದಲ್ಲಿ ಮಲಗಿದ್ದ ಒಬ್ಬರ ಬಳಿಯಿದ್ದ ಹಗ್ಗವನ್ನು ಯಾರೋ ತೆಗೆದಾಗ ಅವರು ಬೆಚ್ಚಿಬಿದ್ದರು. ಒಬ್ಬ ಮುಸ್ಲಿಮನನ್ನು ಹೆದರಿಸುವುದು ಸಮ್ಮತವಲ್ಲವೆಂದು ಪ್ರವಾದಿ(ಸ)ರು ಆಗ ಹೇಳಿದರೆಂದು ಅಬೂದಾವೂದ್‌ನಲ್ಲಿದೆ. ಹೆದರಿಸುವುದನ್ನೇ ಕಲೆಯಾಗಿಸಿದ ಚಾನೆಲನ್ನು ಈ ಬೆಳಕಿನಲ್ಲಿ ಯೋಚಿಸಿರಿ.

ಕೊಲ್ಲಲ್ಪಟ್ಟವನಿಗೆ ಮನೆಯಿಲ್ಲ

ಇಂತಹ ಧಾರಾವಾಹಿ ನೋಡಿದವನು ಕೊಲೆಗಾರನಾಗುತ್ತಾನೆಂದು ವೇದಿಕೆಗಳಲ್ಲಿ ಗುಡುಗುವವರಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಕೋಟ್ಯಂತರ ಜನರು ನೋಡುತ್ತಾರೆ, ಕೊಲ್ಲುವುದಿಲ್ಲ. ಮಗನೇ ಅದನ್ನೆತ್ತಿ ತೋರಿಸಿದರೆ ತಂದೆ ಮೌನವಾಗಬೇಕಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1961ರಲ್ಲಿ ಪುಟ್ಟ ಮಕ್ಕಳ ಮುಂದೆ ಹಿರಿಯರಿಂದ ಒಂದು ಗಾಳಿಬೊಂಬೆಯನ್ನು ಹೊಡೆಸಿ ತೋರಿಸಿದರು. ಅದನ್ನು ಕಂಡ ಮಕ್ಕಳು ಬೊಂಬೆಯನ್ನು ಹಾಗೆಯೇ ಹೊಡೆದರು. ಆಮೇಲೆ ಅದನ್ನೇ ಚಲನಚಿತ್ರದಲ್ಲಿ ತೋರಿಸಿದಾಗಲೂ ಮಕ್ಕಳು ಅನುಕರಿಸಿದರು. ಆದರೆ ಬೊಂಬೆಯನ್ನು ಹೊಡೆಯುವುದೂ ಮನುಷ್ಯನನ್ನು ಹೊಡೆಯುವುದೂ ಒಂದಲ್ಲವೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ.

ನಷ್ಟವಿರುವುದು ಬೇರೆ ಕಡೆ. ಈ ಕಥೆಗಳಲ್ಲಿ ಬಾಗಿಲು ಕಾಯುವ ಕಾವಲುಗಾರನೊಬ್ಬನಿರುತ್ತಾನೆ. ನಾಯಕ ಒಳನುಗ್ಗುವಾಗ ಅವನು ಗುಂಡು ತಿಂದು ಬೀಳುತ್ತಾನೆ. ಕ್ಯಾಮೆರಾ ಮುಂದೆ ಹೋಗುತ್ತದೆ. ಅವನಿಗೆ ಜನಾಝವಿಲ್ಲ, ಇದ್ದತ್ ಕೂರುವ ಹೆಂಡತಿಯಿಲ್ಲ, ಸಾಲ ತೀರಿಸಬೇಕಾದ ವಾರೀಸುದಾರರಿಲ್ಲ, ಅಬ್ಬಾ ಎಲ್ಲಿ ಎಂದು ಕೇಳುವ ಮಗುವಿಲ್ಲ. ಒಬ್ಬನನ್ನು ಅನ್ಯಾಯವಾಗಿ ಕೊಂದವನು ಸಕಲ ಮಾನವರನ್ನು ಕೊಂದಂತೆ ಎಂಬ ಆಶಯದ ಸೂರಃ ಮಾಇದಃದ 32ನೆಯ ಆಯತ್ತನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಉದ್ಧರಿಸುತ್ತೇವೆ. ಒಂದು ಸಂಜೆಗೆ ಹತ್ತಾರು ಹೆಣಗಳನ್ನು ಎಣಿಸದೆ ನೋಡಿದ ಹುಡುಗನಿಗೆ ಆ ಆಯತ್‌ನ ತೂಕ ಹೇಗೆ ತಿಳಿಯಬೇಕು?

ನಮ್ಮ ಶಿವಮೊಗ್ಗದಲ್ಲಿ ಇದು ಬರಿಯ ಪಾಠದ ಮಾತಲ್ಲ. 2022ರ ಫೆಬ್ರವರಿಯಲ್ಲಿ ಒಬ್ಬ ಯುವಕನ ಕೊಲೆಯ ಬಳಿಕ ನಗರದಲ್ಲಿ ನಿಷೇಧಾಜ್ಞೆ ಜಾರಿಯಾಗಿ ಶಾಲೆ ಕಾಲೇಜುಗಳು ಮುಚ್ಚಿದವು. 2023ರ ಅಕ್ಟೋಬರ್ 1ರಂದು ಮೀಲಾದ್ ಮೆರವಣಿಗೆಯ ವೇಳೆ ರಾಗಿಗುಡ್ಡದಲ್ಲಿ ಕಲ್ಲುತೂರಾಟ ನಡೆದು ಮತ್ತೆ ನಿಷೇಧಾಜ್ಞೆ ಬಂತು. ಬೀದಿಯಲ್ಲಿ ಬಿದ್ದ ರಕ್ತವನ್ನು ಯಾವ ಜಾಹೀರಾತೂ ಒರೆಸುವುದಿಲ್ಲ. ಅದು ಯಾರ ಮಗನದ್ದಾದರೂ ಒಬ್ಬ ತಾಯಿಯ ಮನೆಯ ದೀಪ ಆರುತ್ತದೆ, ಇನ್ನೊಬ್ಬ ತಾಯಿ ಜೈಲಿನ ಬಾಗಿಲಿಗೆ ಅಲೆಯುತ್ತಾಳೆ. ಅಂತಹ ದಿನಗಳಲ್ಲಿ ಮೊಬೈಲ್‌ನಲ್ಲಿ ಬಂದ ವೀಡಿಯೋವನ್ನು ಹುಡುಗರು ಧಾರಾವಾಹಿಯ ಮುಂದಿನ ಕಂತಿನಂತೆ ನೋಡಿ, ತಕ್ಷಣ ನಾಲ್ವರಿಗೆ ಕಳುಹಿಸುತ್ತಾರೆ. ದುಷ್ಕರ್ಮಿಯೊಬ್ಬ ಸುದ್ದಿ ತಂದರೆ ಪರಿಶೀಲಿಸಿರಿ, ಇಲ್ಲವಾದರೆ ತಿಳಿಯದೆ ಒಂದು ಜನತೆಗೆ ಹಾನಿಯುಂಟುಮಾಡುವಿರಿ ಎಂಬ ಸೂರಃ ಹುಜುರಾತ್‌ನ 6ನೆಯ ಆಯತ್‌ನ ಆಜ್ಞೆ ಅವರಿಗೆ ಗೊತ್ತಿಲ್ಲದೆ ಅಲ್ಲ. ನೋಡುಗನಾಗಿಯೇ ಬೆಳೆದ ಕಣ್ಣಿಗೆ ಎದುರಿಗಿರುವುದು ನಿಜವೆಂಬುದು ಹೊಳೆಯುವುದಿಲ್ಲ.

ಜಾರ್ಜ್ ಗರ್ಬ್ನರ್ ಎಂಬ ಹಂಗೇರಿ ಮೂಲದ ಅಮೆರಿಕನ್ ವಿದ್ವಾಂಸರು ದಶಕಗಳ ಕಾಲ ಟಿ.ವಿ.ಯ ಹಿಂಸೆಯನ್ನು ಅಧ್ಯಯನ ಮಾಡಿ ಕಂಡುಕೊಂಡುದೇನೆಂದರೆ, ಹೆಚ್ಚು ಟಿ.ವಿ. ನೋಡುವವರು ಜಗತ್ತು ಇರುವುದಕ್ಕಿಂತಲೂ ಹೆಚ್ಚು ಕ್ರೂರವೆಂದು ನಂಬುತ್ತಾರೆ, ಅಪರಿಚಿತರನ್ನೆಲ್ಲ ಸಂಶಯಿಸುತ್ತಾರೆ. ಹೆಚ್ಚಿನ ಗುಮಾನಿಗಳಿಂದ ದೂರವಿರಿ, ಇತರರ ಗುಟ್ಟನ್ನು ಹುಡುಕಬೇಡಿ ಎಂದು ಅದೇ ಸೂರಃದ 12ನೆಯ ಆಯತ್ ಕಲಿಸುತ್ತದೆ. ಪತ್ತೇದಾರಿ ಕಥೆಯಲ್ಲಿ ಪ್ರತಿಯೊಬ್ಬನೂ ಶಂಕಿತ. ಮೊಹಲ್ಲಾದ ಬದುಕು ಹಾಗೆ ನಡೆಯದು.

ಚಿತ್ರಹಿಂಸೆಯ ನಾಯಕ

ಇನ್ನೊಂದು ವಿಷಯವನ್ನು ನಮ್ಮ ಸಮುದಾಯ ಗಮನಿಸಲೇಬೇಕು. 2001ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಆರಂಭವಾದ '24' ಎಂಬ ಧಾರಾವಾಹಿಯು ಗಡಿಯಾರದ ಮುಳ್ಳಿನೊಂದಿಗೆ ಓಡುವ ಕಥೆಯಾಗಿ ಜಗತ್ಪ್ರಸಿದ್ಧವಾಯಿತು. 2013ರಲ್ಲಿ ಅದರ ಹಿಂದಿ ರೂಪವೂ ಬಂದಿತು. ಮೂಲ ಧಾರಾವಾಹಿಯ ನಾಯಕ ಬಾಂಬ್ ಸಿಡಿಯುವ ಮುನ್ನ ಶಂಕಿತನನ್ನು ಹಿಂಸಿಸಿ ಬಾಯಿಬಿಡಿಸುತ್ತಾನೆ, ಹೆಚ್ಚಿನ ಬಾರಿ ಅದು ಫಲಿಸುತ್ತದೆ. 2005ರಲ್ಲಿ ಒಂದು ಮುಸ್ಲಿಮ್ ಕುಟುಂಬವನ್ನೇ ಮರೆಯಲ್ಲಿರುವ ಭಯೋತ್ಪಾದಕರನ್ನಾಗಿ ತೋರಿಸಿದಾಗ ಅಲ್ಲಿಯ ಮುಸ್ಲಿಮರು ಆಕ್ಷೇಪಿಸಿದರು. ಆಗ ನಾಯಕನಟನೇ ಪರದೆಯ ಮೇಲೆ ಬಂದು ಅಮೆರಿಕದ ಮುಸ್ಲಿಮರನ್ನು ಹಾಗೆ ಭಾವಿಸಬಾರದೆಂದು ಹೇಳಬೇಕಾಯಿತು. 2006ರ ನವೆಂಬರ್‌ನಲ್ಲಿ ವೆಸ್ಟ್‌ಪಾಯಿಂಟ್ ಸೇನಾ ಅಕಾಡೆಮಿಯ ಡೀನ್ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್ ಅನುಭವಿ ವಿಚಾರಣಾಧಿಕಾರಿಗಳೊಂದಿಗೆ ಚಿತ್ರೀಕರಣದ ಸ್ಥಳಕ್ಕೇ ಹೋಗಿ, ಇದು ಯುವ ಸೈನಿಕರ ಮನಸ್ಸನ್ನು ಕೆಡಿಸುತ್ತಿದೆಯೆಂದು ನಿರ್ಮಾಪಕರಿಗೆ ತಿಳಿಹೇಳಿದರು. ಸೇನಾಧಿಕಾರಿಯೊಬ್ಬರು ಹೀಗೆ ದೂರುವಂತಾದರೆ ನಾವು ಅದನ್ನು 'ಬರೀ ಕಥೆ' ಎಂದು ತಳ್ಳಿಹಾಕುವುದು ಹೇಗೆ?

ಸಹಾಬಿ ಹ. ಹಿಶಾಮ್ ಬಿನ್ ಹಕೀಮ್(ರ) ಶಾಮ್ ನಾಡಿನಲ್ಲಿ ಹೋಗುತ್ತಿದ್ದಾಗ ಕೆಲವು ರೈತರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದುದನ್ನು ಕಂಡರು. ಅವರು ಮುಸ್ಲಿಮರಲ್ಲ. ಕಂದಾಯ ಬಾಕಿಯೆಂದು ಅವರ ತಲೆಗೆ ಎಣ್ಣೆ ಸುರಿಯಲಾಗಿತ್ತೆಂದೂ ವರದಿಯಿದೆ. ಜಗತ್ತಿನಲ್ಲಿ ಜನರನ್ನು ಹಿಂಸಿಸುವವರನ್ನು ಅಲ್ಲಾಹನು ಹಿಂಸಿಸುವನೆಂದು ಪ್ರವಾದಿ(ಸ)ರು ಹೇಳಿದ್ದನ್ನು ತಾನು ಕೇಳಿದ್ದೇನೆಂದು ಅವರು ಅಲ್ಲೇ ಸಾರಿದರು. ಸಹೀಹ್ ಮುಸ್ಲಿಮ್‌ನ ಈ ವರದಿಯ ಪ್ರಕಾರ ಅಲ್ಲಿಯ ಅಧಿಕಾರಿಗೆ ವಿಷಯ ತಿಳಿದು ಆ ಜನರು ಬಿಡುಗಡೆ ಹೊಂದಿದರು. ಹಿಂಸೆಗೊಳಗಾದವನು ಯಾವ ಮತದವನೆಂದು ಹಿಶಾಮ್(ರ) ಕೇಳಲಿಲ್ಲ. ನಾವು ಮಾತ್ರ ನಮ್ಮವರನ್ನು ಖಳನಾಯಕರಾಗಿ ತೋರಿಸಿದಾಗ ಸಿಟ್ಟಾಗುತ್ತೇವೆ, ಬೇರೆಯವರನ್ನು ತೋರಿಸಿದಾಗ ಚಪ್ಪಾಳೆ ತಟ್ಟುತ್ತೇವೆ.

ಮೂರು ಅಂಗಿಗಳ ಕಥೆ

ನದ್ರ್‌ನ ಕಥೆಗಳಿಗೆ ಕುರ್‌ಆನ್ ಕಥೆಯಿಲ್ಲದ ಒಣ ಉಪದೇಶವನ್ನು ಎದುರಿಡಲಿಲ್ಲ. ಸೂರಃ ಯೂಸುಫನ್ನು ಅಲ್ಲಾಹನು 'ಅಹ್ಸನುಲ್ ಕಸಸ್', ಅಂದರೆ ಅತ್ಯುತ್ತಮ ವೃತ್ತಾಂತವೆಂದು ಕರೆದನು. ಮದ್ರಸದಲ್ಲಿ ಇದನ್ನು ತಜ್ವೀದ್‌ನೊಂದಿಗೆ ಓದಿಸುತ್ತೇವೆ, ಕಥೆಯಾಗಿ ಹೇಳುವುದು ಕಡಿಮೆ. ಕನ್ನಡ ಸಾಹಿತ್ಯ ಓದಿದ ಕಣ್ಣಿನಿಂದ ನೋಡಿದರೂ ಇದರ ಕಟ್ಟಡ ಬೆರಗು ಹುಟ್ಟಿಸುತ್ತದೆ. ಅಪರಾಧವಿದೆ, ಸುಳ್ಳುಸಾಕ್ಷ್ಯವಿದೆ, ತನಿಖೆಯಿದೆ, ಸೆರೆಮನೆಯಿದೆ, ಗುರುತು ಮರೆಸಿಕೊಂಡ ಭೇಟಿಯಿದೆ. ಇಷ್ಟೆಲ್ಲದರ ನಡುವೆ ಒಂದು ಅಂಗಿ ಮೂರು ಬಾರಿ ಬರುತ್ತದೆ.

ಮೊದಲನೆಯದು ರಕ್ತ ಹಚ್ಚಿದ ಅಂಗಿ. ಅಣ್ಣಂದಿರು ಯೂಸುಫ್(ಅ)ರನ್ನು ಬಾವಿಗೆ ಹಾಕಿ, ಕತ್ತಲಾದ ಮೇಲೆ ಅಳುತ್ತಾ ತಂದೆಯ ಬಳಿಗೆ ಬಂದರು. ತೋಳ ತಿಂದಿತು ಎಂದರು. ಅಂಗಿಗೆ ಹಚ್ಚಿದ ರಕ್ತ ಸುಳ್ಳಿನದೆಂದು ಕುರ್‌ಆನ್ ಹೇಳುತ್ತದೆ. ತೋಳ ತಿಂದಿದ್ದರೆ ಅಂಗಿ ಹರಿಯಬೇಕಿತ್ತಲ್ಲ ಎಂಬುದನ್ನು ಯಾಕೂಬ್(ಅ) ಗಮನಿಸಿದರೆಂದು ಮುಫಸ್ಸಿರರು ಉಲ್ಲೇಖಿಸುತ್ತಾರೆ. ಸುಳ್ಳನ್ನು ಅವರು ಅರಿತರು. ಆದರೆ ಅರಿತೊಡನೆ ಮಕ್ಕಳ ಕೊರಳಪಟ್ಟಿ ಹಿಡಿಯಲಿಲ್ಲ, ಸುಂದರ ಸಹನೆಯ ಮಾತನ್ನಾಡಿದರು.

ಎರಡನೆಯದು ಹರಿದ ಅಂಗಿ. ಮಿಸ್ರ್‌ನ ಅಧಿಕಾರಿಯ ಪತ್ನಿ ಬಾಗಿಲುಗಳನ್ನು ಮುಚ್ಚಿದಳು. ಇಲ್ಲಿ ನಿಂತು ಯೋಚಿಸಿರಿ. ಈ ದೃಶ್ಯ ಯಾವುದೇ ಚಾನೆಲ್‌ನ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು? ಕುರ್‌ಆನ್ ಬಾಗಿಲು ಮುಚ್ಚಿತೆಂದು ಹೇಳಿ, ಯೂಸುಫ್(ಅ) ಅಲ್ಲಾಹನ ಅಭಯ ಯಾಚಿಸಿ ಬಾಗಿಲಿನತ್ತ ಓಡಿದರೆಂದು ತಿಳಿಸುತ್ತದೆ. ವಿಷಯ ಮರೆಯಾಗಲಿಲ್ಲ, ಹಾಗೆಂದು ಕೇಳುಗನ ಕಣ್ಣು ಕೆಡಲೂ ಇಲ್ಲ. ತಂದೆ ಮಗಳ ಎದುರಿಗೆ ಓದಬಹುದಾದ ಭಾಷೆಯದು. ಬಾಗಿಲ ಬಳಿ ಗಂಡ ಎದುರಾದಾಗ ಆಕೆ ಆರೋಪವನ್ನು ತಿರುಗಿಸಿದಳು. ಆಗ ಅವಳ ಕುಟುಂಬದವನೇ ಒಬ್ಬನು, ಅಂಗಿ ಮುಂದಿನಿಂದ ಹರಿದಿದ್ದರೆ ಅವಳ ಮಾತು ಸತ್ಯ, ಹಿಂದಿನಿಂದ ಹರಿದಿದ್ದರೆ ಅವನ ಮಾತು ಸತ್ಯ ಎಂಬ ಪರೀಕ್ಷೆಯನ್ನು ಮುಂದಿಟ್ಟನು. ಅಂಗಿ ಹಿಂದಿನಿಂದ ಹರಿದಿತ್ತು. ಪ್ರಯೋಗಾಲಯದ ಧಾರಾವಾಹಿಗಳು ಇಂದು ತೋರಿಸುವ ಸಾಕ್ಷ್ಯ ಪರಿಶೀಲನೆಯ ತಿರುಳು ಅಲ್ಲಿದೆ: ಆರೋಪಿಸಿದವನ ಸ್ಥಾನಮಾನವನ್ನಲ್ಲ, ವಸ್ತುವನ್ನು ನೋಡಿರಿ. ಒಡತಿಯೂ ದಾಸನೂ ಎದುರೆದುರು ನಿಂತಾಗ ದಾಸನ ಪರವಾಗಿ ಸಾಕ್ಷ್ಯ ಗೆದ್ದಿತು. ಆದರೂ ಆ ಬಳಿಕ ಅವರು ಸೆರೆಮನೆಗೆ ಹೋಗಬೇಕಾಯಿತು. ನಿರಪರಾಧವು ಸಾಬೀತಾದ ಮೇಲೂ ಜೈಲು ಕಂಡವರ ಮನೆಗಳು ನಮ್ಮ ನಡುವೆ ಇವೆ. ಅವರಿಗೆ ಈ ಆಯತ್‌ಗಳ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯ ಅಂಗಿ ಕಥೆಯ ಕೊನೆಯಲ್ಲಿ ಬರುತ್ತದೆ. ಅಷ್ಟರಲ್ಲಿ ಯೂಸುಫ್(ಅ) ದೇಶದ ಉಗ್ರಾಣಗಳ ಒಡೆಯರು, ಅಣ್ಣಂದಿರು ಧಾನ್ಯಕ್ಕಾಗಿ ಕೈಚಾಚಿ ನಿಂತವರು. ರೋಮಾಂಚಕ ಧಾರಾವಾಹಿಯ ನಿಯಮದ ಪ್ರಕಾರ ನೋಡುಗ ಇಷ್ಟು ಹೊತ್ತು ಕಾದದ್ದು ಈ ಗಳಿಗೆಗಾಗಿ, ಸೇಡಿನ ಗಳಿಗೆಗಾಗಿ. ನಾಯಕನು ಗುರುತು ಹೇಳಿದನು, ಅಪರಾಧಿಗಳು ತಲೆತಗ್ಗಿಸಿದರು. ಇಂದು ನಿಮ್ಮ ಮೇಲೆ ಯಾವ ಆಕ್ಷೇಪವೂ ಇಲ್ಲವೆಂದು ಯೂಸುಫ್(ಅ) ಹೇಳಿದರು, ಅವರಿಗಾಗಿ ಅಲ್ಲಾಹನ ಕ್ಷಮೆ ಬೇಡಿದರು, ತನ್ನ ಅಂಗಿಯನ್ನು ಕೊಟ್ಟು, ತಂದೆಯ ಮುಖದ ಮೇಲೆ ಹಾಕಿರಿ, ದೃಷ್ಟಿ ಮರಳುವುದು ಎಂದರು. ಸುಳ್ಳು ರಕ್ತದ ಅಂಗಿಯನ್ನು ಹೊತ್ತು ತಂದಿದ್ದ ಕೈಗಳಿಗೇ ದೃಷ್ಟಿಯನ್ನು ಮರಳಿಸುವ ಅಂಗಿ ಒಪ್ಪಿಸಲ್ಪಟ್ಟಿತು. ಕುತೂಹಲ ತಣಿಯಿತು, ಆದರೆ ಯಾರ ಹೆಣವೂ ಬೀಳಲಿಲ್ಲ.

ಮನೆಯಲ್ಲಿ ಮಾಡಬಹುದಾದುದು

ಮಲೆನಾಡ ಸೆರಗಿನ ನಮ್ಮ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿಯುತ್ತದೆ. ಮಕ್ಕಳು ಬಯಲಿಗೆ ಹೋಗಲಾರರು, ಒಂದೂವರೆ ಕೋಣೆಯ ಮನೆಯಲ್ಲಿ ಅಮ್ಮಿಗೆ ಅಡುಗೆಯಾಗಬೇಕು. ಆಗ ಟಿ.ವಿ.ಯೋ ಮೊಬೈಲೋ ದಾದಿಯ ಕೆಲಸ ಮಾಡುತ್ತದೆ. ತಾಯಿಯನ್ನು ದೂರುವ ಮೊದಲು ತಂದೆ ಆ ಹೊತ್ತಿನಲ್ಲಿ ಎಲ್ಲಿದ್ದಾರೆಂದು ಕೇಳಬೇಕು. ನೀವೆಲ್ಲರೂ ಕುರುಬರು, ನಿಮ್ಮ ಹಿಂಡಿನ ಬಗ್ಗೆ ನಿಮ್ಮನ್ನು ವಿಚಾರಿಸಲಾಗುವುದೆಂಬ ಆಶಯದ ಹದೀಸ್ ತಂದೆಯನ್ನೂ ತಾಯಿಯನ್ನೂ ಸಮನಾಗಿ ಹೆಸರಿಸುತ್ತದೆ.

ಕಾನೂನಿನ ನೆರವೂ ಸ್ವಲ್ಪವಿದೆ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯಡಿಯ ಕಾರ್ಯಕ್ರಮ ಸಂಹಿತೆಯು ಹಿಂಸೆಯನ್ನು ಪ್ರಚೋದಿಸುವುದನ್ನೂ, ಹೆಚ್ಚಿನ ಮಕ್ಕಳು ನೋಡುವ ವೇಳೆಯಲ್ಲಿ ಅವರಿಗೆ ತಕ್ಕುದಲ್ಲದ್ದನ್ನು ಪ್ರಸಾರ ಮಾಡುವುದನ್ನೂ ನಿಷೇಧಿಸುತ್ತದೆ. ಮೊಬೈಲ್ ವೇದಿಕೆಗಳಿಗೆ 2021ರ ನಿಯಮಗಳು 7, 13, 16 ವರ್ಷಗಳ ವಯೋಮಿತಿಯ ಗುರುತನ್ನೂ, 13 ಮತ್ತು ಅದಕ್ಕೆ ಮೇಲಿನ ಗುರುತಿನವುಗಳಿಗೆ ಪೋಷಕರು ಹಾಕಬಹುದಾದ ಬೀಗವನ್ನೂ ಕಡ್ಡಾಯಗೊಳಿಸಿವೆ. ಬೀಗ ಹಾಕುವುದನ್ನು ಬಾರದವರು ಮಗನನ್ನೇ ಕೇಳಬೇಡಿರಿ, ಅವನು ಅದನ್ನು ತೆಗೆಯುವುದನ್ನೂ ಬಲ್ಲ. ಮಸೀದಿಯಲ್ಲಿ ಬಲ್ಲ ಯುವಕರಿದ್ದಾರೆ.

ಟಿ.ವಿ.ಯನ್ನು ಒಡೆದು ಹಾಕುವ ಆವೇಶ ಹೆಚ್ಚು ದಿನ ಬಾಳುವುದಿಲ್ಲ. ತೆಗೆದ ಜಾಗ ಖಾಲಿಯಿದ್ದರೆ ಹುಡುಗ ಪಕ್ಕದ ಮನೆಗೆ ಹೋಗುತ್ತಾನೆ. ಆ ಜಾಗಕ್ಕೆ ಏನನ್ನು ತರುತ್ತೀರಿ ಎಂಬುದೇ ಪ್ರಶ್ನೆ. ತುಂಗೆಯ ದಡಕ್ಕೆ ಕರೆದೊಯ್ಯಿರಿ, ಈಜು ಕಲಿಸಿರಿ, ಮಳೆಯಿಲ್ಲದ ದಿನ ಬಯಲಲ್ಲಿ ಓಡಿಸಿರಿ. ಮಳೆಯ ದಿನಕ್ಕೆ ನನ್ನದೊಂದು ಸಲಹೆಯಿದೆ. ಸೂರಃ ಯೂಸುಫ್‌ನಲ್ಲಿ 111 ಆಯತ್‌ಗಳು, 12 ರುಕೂಗಳಿವೆ. ಮಗ್ರಿಬ್‌ನಿಂದ ಇಶಾದವರೆಗಿನ ಬಿಡುವಿನಲ್ಲಿ ದಿನಕ್ಕೊಂದು ರುಕೂ ಓದಿ, ಕನ್ನಡದಲ್ಲೋ ಮನೆಯ ದಖನಿಯಲ್ಲೋ ಅದನ್ನು ಕಥೆಯಾಗಿ ಹೇಳಿರಿ. ಮೊದಲ ರುಕೂ ಕನಸಿನಲ್ಲಿ ಮುಗಿಯುತ್ತದೆ: ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರ, ಮತ್ತು ಇದನ್ನು ಅಣ್ಣಂದಿರಿಗೆ ಹೇಳಬೇಡವೆಂಬ ತಂದೆಯ ಎಚ್ಚರಿಕೆ. ಅಲ್ಲಿಗೆ ನಿಲ್ಲಿಸಿರಿ. ಅಣ್ಣಂದಿರಿಗೆ ಗೊತ್ತಾಯಿತೇ ಎಂದು ಮಕ್ಕಳು ಕೇಳುತ್ತಾರೆ. ನಾಳೆ ಮಗ್ರಿಬ್ ಆದ ಮೇಲೆ ಹೇಳುತ್ತೇನೆ ಎನ್ನಿರಿ.